ಹಳೆ ಕೊಡಲಿಗೆ ಹೊಸ ಕಾವು: ತಲೆ ಪದೇ ಪದೇ ಸಡಿಲವಾಗುವುದೇಕೆ?

(ಕಾವು ಎಂದರೆ ಕೊಡಲಿಯ ಮರದ ಹಿಡಿ. ಇದೊಂದು ಪ್ರಶ್ನೋತ್ತರ ಚರ್ಚೆ, ಪ್ರತಿ ಮಾತಿನ ಮೇಲಿರುವುದು ಮಾತಾಡುವವರ ಅಡ್ಡಹೆಸರು.)

ಮುರಿದಕಾವು:
ಸುಮಾರು 1.6 ಕೆ.ಜಿ. ತೂಕದ ಹಳೆ ಕೊಡಲಿ. ಮೈಯೆಲ್ಲ ತುಕ್ಕು. ಬಾಯಿಯಲ್ಲಿ ಎರಡು ಕಡೆ ಹಲ್ಲು ಬಿದ್ದಿದೆ, ದೊಡ್ಡದು 3 ಮಿ.ಮೀ. ಆಳ. ಹಿಂಬದಿ ಸುತ್ತಿಗೆ ಏಟು ತಿಂದು ತಿಂದು ಅಣಬೆಯ ಹಾಗೆ ಅರಳಿದೆ. ಕಾವು ಬುಡದಲ್ಲೇ ಮುರಿದು, ತುಂಡು ಕಣ್ಣಿನೊಳಗೇ (ತಲೆಯಲ್ಲಿ ಕಾವು ಕೂರುವ ತೂತು) ಸಿಕ್ಕಿಕೊಂಡಿದೆ. ಅದರಲ್ಲಿ ಎರಡು ಕಬ್ಬಿಣದ ಬೆಣೆ, ಮೂರು ಮೊಳೆ ಕಾಣುತ್ತವೆ. ತುಂಡನ್ನು ಸುಟ್ಟು ತೆಗೆಯಬಹುದೇ? ತುಕ್ಕಿಗೆ ಏನು ಮಾಡಬೇಕು? ಇದಕ್ಕೆ ಯಾವ ಮರ ಒಳ್ಳೆಯದು? ಮುಖ್ಯವಾಗಿ, ಹೊಸ ಕಾವು ಹಾಕಿದರೂ ಎರಡು ತಿಂಗಳಿಗೆ ತಲೆ ಅಲ್ಲಾಡಲು ಶುರುವಾಗುತ್ತದೆ. ನೀರಲ್ಲಿ ನೆನೆಹಾಕಿದರೆ ಬಿಗಿಯಾಗುತ್ತದೆ, ವಾರದಲ್ಲಿ ಮೊದಲಿಗಿಂತ ಹೆಚ್ಚು ಸಡಿಲ. ಹೀಗೇಕೆ?

ಕುಲುಮೆ:
ಮೊದಲು ಬೆಂಕಿಯ ವಿಷಯ, ಏಕೆಂದರೆ ಉಳಿದ ತಪ್ಪುಗಳನ್ನೆಲ್ಲ ತಿದ್ದಬಹುದು, ಇದನ್ನು ತಿದ್ದಲು ಮತ್ತೆ ಕುಲುಮೆಗೇ ಹೋಗಬೇಕು. ಕೊಡಲಿಯ ಬಾಯನ್ನು ಕೆಂಪಗೆ ಕಾಸಿ, ಅದ್ದಿ ಗಡುಸು ಮಾಡಿರುತ್ತಾರೆ. ಹಾಗೇ ಬಿಟ್ಟರೆ ಗಾಜಿನ ಹಾಗೆ ಸಿಡಿಯುತ್ತದೆ ಎಂದು ಮತ್ತೆ ಸಣ್ಣ ಶಾಖ ಕೊಟ್ಟು ಗಡಸುತನವನ್ನು ಸ್ವಲ್ಪ ಇಳಿಸಿರುತ್ತಾರೆ. ಆ ಎರಡನೆಯ ಶಾಖ ಸುಮಾರು 200ರಿಂದ 300 ಡಿಗ್ರಿ ಸೆಲ್ಸಿಯಸ್ ಒಳಗಿನದು. ಅದಕ್ಕಿಂತ ಹೆಚ್ಚು ಕಾದರೆ ಬಾಯಿ ಇನ್ನಷ್ಟು ಮೆತ್ತಗಾಗುತ್ತದೆ, ಮುಂದೆ ಎಷ್ಟು ಸಾಣೆ ಹಿಡಿದರೂ ಅಂಚು ಮಡಿಸಿಕೊಳ್ಳುತ್ತದೆ. ಉರಿಯುವ ಕೆಂಡದ ಶಾಖ ಈ ಮಿತಿಯನ್ನು ಎಷ್ಟೋ ಪಟ್ಟು ದಾಟುತ್ತದೆ. ಬಾಯನ್ನು ಒದ್ದೆ ಮಣ್ಣಲ್ಲಿ ಹೂತು ಕಣ್ಣನ್ನಷ್ಟೇ ಸುಡುವವರೂ ಇದ್ದಾರೆ. ಮಣ್ಣು ಒದ್ದೆಯಾಗಿರುವಷ್ಟು ಹೊತ್ತು ಪರವಾಗಿಲ್ಲ, ಅದು ಯಾವಾಗ ಒಣಗಿತು ಎಂಬುದು ಹೊರಗಿನಿಂದ ಕಾಣುವುದಿಲ್ಲ. ಐದು ನಿಮಿಷದ ಕೆಲಸ ಉಳಿಸಲು ಅಷ್ಟು ಅಪಾಯ ಬೇಡ.

ತುಂಡು ತೆಗೆಯುವ ಕ್ರಮ ಹೀಗೆ. ಕೆಳಗೆ ಚಾಚಿಕೊಂಡಿರುವ ಮರವನ್ನು ತಲೆಯ ಮಟ್ಟಕ್ಕೆ ಗರಗಸದಲ್ಲಿ ಕತ್ತರಿಸಿ. ಮೊಳೆ, ಕಬ್ಬಿಣದ ಬೆಣೆ ಎಲ್ಲಿವೆ ಎಂದು ನೋಡಿಕೊಂಡು, ಅವುಗಳ ಪಕ್ಕದ ಮರದಲ್ಲಿ 6 ಮಿ.ಮೀ. ಬೈರಿಗೆಯಿಂದ ಒತ್ತೊತ್ತಾಗಿ ತೂತು ಕೊರೆಯಿರಿ. ಹಿಡಿತ ತಪ್ಪಿದ ಕಬ್ಬಿಣವನ್ನು ಇಕ್ಕಳದಲ್ಲಿ ಎಳೆದುಬಿಡಿ. ಆಮೇಲೆ ಎರಡು ಮರದ ದಿಮ್ಮಿಗಳ ನಡುವೆ ಸಂದು ಬಿಟ್ಟು, ತಲೆಯ ಮೇಲ್ಭಾಗ ಕೆಳಗಾಗುವಂತೆ ಇಟ್ಟು, ಕಾವು ಒಳಹೋಗುವ ಬದಿಯಿಂದ ಗಟ್ಟಿ ಮರದ ಗೂಟ ಇಟ್ಟು ಹೊಡೆಯಿರಿ. ದಿಕ್ಕು ಮುಖ್ಯ: ಬೆಣೆ ಹೊಡೆದಾಗ ಮರ ಅರಳಿರುವುದು ಮೇಲ್ಭಾಗದಲ್ಲಿ, ಹಾಗಾಗಿ ಅದು ಮೇಲಕ್ಕೇ ಹೊರಬರಬೇಕು. ಉಲ್ಟಾ ಹೊಡೆದರೆ ಇನ್ನಷ್ಟು ಕಚ್ಚಿಕೊಳ್ಳುತ್ತದೆ.

ಅರಳಿದ ಹಿಂಬದಿಯನ್ನು ಅರದಲ್ಲಿ ಉಜ್ಜಿ, ಮಡಿಸಿಕೊಂಡ ಅಂಚು ಪೂರ್ತಿ ಹೋಗುವವರೆಗೆ ತೆಗೆಯಿರಿ. ಆ ಅಂಚಿನ ಚೂರು ಮುಂದಿನ ಏಟಿಗೆ ಸಿಡಿದು ನಿಮ್ಮ ಕಣ್ಣಿಗೆ ಬೀಳಬಹುದು. ಹಿಂಬದಿ ಅರಳಿದೆ ಎಂದರೆ ಕೊಡಲಿಯನ್ನು ಸುತ್ತಿಗೆಯಂತೆಯೋ, ಸೀಳುವ ಬೆಣೆಯಂತೆಯೋ ಬಳಸಿದ್ದಾರೆ. ಅಂಥ ತಲೆಯ ಕಣ್ಣಿನ ಗೋಡೆ ಒಳಕ್ಕೆ ಕುಸಿದಿರುವುದೂ, ಬಿರುಕು ಬಿಟ್ಟಿರುವುದೂ ಉಂಟು. ಬಿರುಕು ನೋಡಲು ಕಣ್ಣಿನ ಸುತ್ತ ಸೀಮೆಎಣ್ಣೆ ಹಚ್ಚಿ ಕಾಲು ಗಂಟೆ ಬಿಡಿ, ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿ. ಬಿರುಕಿದ್ದರೆ ಒಳಗೆ ಕೂತ ಎಣ್ಣೆ ಪುಡಿಗೆ ಹತ್ತಿ ಕಪ್ಪು ಗೆರೆಯಾಗಿ ಕಾಣುತ್ತದೆ. ದಾರದಲ್ಲಿ ತೂಗುಹಾಕಿ ಸಣ್ಣಗೆ ತಟ್ಟಿ ನೋಡುವುದೂ ಇದೆ, ಗಂಟೆಯಂತೆ ನಾದ ಬಂದರೆ ಒಳ್ಳೆಯದು, ಒಡಕು ದನಿ ಬಂದರೆ ಅನುಮಾನ. ಕಣ್ಣಿನ ಗೋಡೆಯಲ್ಲಿ ಬಿರುಕಿರುವ ಕೊಡಲಿಗೆ ಕಾವು ಹಾಕಬೇಡಿ. ಬೆಣೆಯ ಒತ್ತಡವೆಲ್ಲ ಬೀಳುವುದು ಅಲ್ಲೇ.

ಸಾಣೆಕಲ್ಲು:
ತುಕ್ಕಿಗೆ ವಿನೆಗರ್ ಸಾಕು. ಅಡುಗೆಗೆ ಬಳಸುವ, 5 ಶೇಕಡಾ ಆಮ್ಲದ್ದು. ಮೊದಲು ಎಣ್ಣೆ ಜಿಡ್ಡನ್ನು ಸೋಪಿನಲ್ಲಿ ತೊಳೆಯಿರಿ, ಜಿಡ್ಡಿದ್ದ ಕಡೆ ವಿನೆಗರ್ ಹತ್ತುವುದಿಲ್ಲ. ತಲೆ ಪೂರ್ತಿ ಮುಳುಗಬೇಕು. ಅರ್ಧ ಮುಳುಗಿದರೆ ನೀರಿನ ಮಟ್ಟದಲ್ಲಿ ಗೆರೆ ಕೊರೆದಂತೆ ಕಚ್ಚುತ್ತದೆ. 12 ಗಂಟೆಗೆ ತೆಗೆದು ತಂತಿ ಬ್ರಷ್‌ನಲ್ಲಿ ಉಜ್ಜಿ ನೋಡಿ, ಬಾಕಿ ಇದ್ದರೆ ಮತ್ತೆ 12 ಗಂಟೆ. ಅದಕ್ಕಿಂತ ಹೆಚ್ಚು ಬೇಡ: ಆಮ್ಲ ತುಕ್ಕನ್ನು ಮುಗಿಸಿ ಉಕ್ಕನ್ನೇ ತಿನ್ನಲು ಶುರುಮಾಡುತ್ತದೆ, ಹೊರಬರುವ ಜಲಜನಕ ಗಡಸು ಉಕ್ಕಿನೊಳಗೆ ಸೇರಿ ಅದನ್ನು ಪೆಡಸು ಮಾಡುವ ಅಪಾಯವೂ ಇದೆ. ತೆಗೆದ ಮೇಲೆ ಒಂದು ಲೀಟರ್ ನೀರಿಗೆ ಎರಡು ಚಮಚ ಅಡುಗೆ ಸೋಡಾ ಕರಗಿಸಿ ಅದರಲ್ಲಿ ತೊಳೆದು, ಬಿಸಿನೀರು ಹೊಯ್ದು, ಕೂಡಲೇ ಒರೆಸಿ ಎಣ್ಣೆ ಹಚ್ಚಿ. ತೊಳೆದು ಹಾಗೇ ಇಟ್ಟು ಊಟ ಮುಗಿಸಿ ಬರುವಷ್ಟರಲ್ಲಿ ಕಿತ್ತಳೆ ಬಣ್ಣದ ಹೊಸ ತುಕ್ಕು ಹತ್ತಿರುತ್ತದೆ.

ವಿನೆಗರ್‌ನಿಂದ ಇನ್ನೊಂದು ಲಾಭವಿದೆ, ಇದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಹಳೆಯ ಕೊಡಲಿಗಳಲ್ಲಿ ಮೈ ಮೆತ್ತನೆ ಕಬ್ಬಿಣದ್ದು, ಬಾಯಿಗೆ ಮಾತ್ರ ಉಕ್ಕಿನ ತುಂಡು ಬೆಸೆದಿರುತ್ತಾರೆ. ಇಡೀ ಉಕ್ಕಿನದೇ ಆದರೂ ಹದ ಕೊಟ್ಟಿರುವುದು ಬಾಯಿಯ ಹತ್ತಿರದ ಒಂದೆರಡು ಇಂಚಿಗೆ ಮಾತ್ರ. ಆಮ್ಲ ಇವೆರಡನ್ನೂ ಬೇರೆ ಬೇರೆ ರೀತಿ ಕಚ್ಚುವುದರಿಂದ ಅಡ್ಡಕ್ಕೆ ಒಂದು ಗೆರೆ ಎದ್ದು ಕಾಣುತ್ತದೆ. ಬಾಯಿಯಿಂದ ಆ ಗೆರೆಗೆ ಇರುವ ದೂರವೇ ನಿಮ್ಮ ಕೊಡಲಿಯ ಉಳಿದ ಆಯುಷ್ಯ. ಗೆರೆ ಬಾಯಿಗೆ ತಾಗುವಷ್ಟು ಸವೆದಿದ್ದರೆ 3 ಮಿ.ಮೀ. ಹಲ್ಲು ತೆಗೆಯಲು ಹೊರಡುವುದೇ ವ್ಯರ್ಥ. ಗೆರೆ ಕಾಣದಿದ್ದರೆ ಅರದಿಂದ ಪರೀಕ್ಷಿಸಿ: ಬಾಯಿಯ ಹತ್ತಿರ ಅರ ಕಷ್ಟಪಟ್ಟು ಕಚ್ಚಬೇಕು, ಹಿಂದೆ ಹೋದಂತೆ ಸಲೀಸಾಗಿ ಕೊರೆಯಬೇಕು. ಬಾಯಿಯಲ್ಲೂ ಬೆಣ್ಣೆಯಂತೆ ಕೊರೆದರೆ ಹದ ಹೋಗಿದೆ. ಕಚ್ಚದೆ ಜಾರಿದರೆ ಅತಿ ಗಡುಸು, ಚಕ್ಕೆ ಏಳುತ್ತದೆ.

ಆಳವಾಗಿ ತುಕ್ಕು ತಿಂದು ಗುಂಡಿ ಬಿದ್ದಿರುವ ತಲೆಗೆ ವಿದ್ಯುತ್ ವಿಧಾನ ಒಳ್ಳೆಯದು, ಉಕ್ಕು ಸವೆಯುವುದಿಲ್ಲ. ಪ್ಲಾಸ್ಟಿಕ್ ಬಕೆಟ್, 4 ಲೀಟರ್ ನೀರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ, 12 ವೋಲ್ಟಿನ ಬ್ಯಾಟರಿ ಚಾರ್ಜರ್. ಋಣ ತಂತಿ ಕೊಡಲಿಗೆ, ಧನ ತಂತಿ ಬೇರೊಂದು ಕಬ್ಬಿಣದ ತುಂಡಿಗೆ. ಎರಡೂ ಒಂದಕ್ಕೊಂದು ತಾಗಬಾರದು. ತಿರುಗುಮುರುಗಾದರೆ ಕರಗುವುದು ಕೊಡಲಿಯೇ. ಧನ ತುದಿಗೆ ಸ್ಟೇನ್‌ಲೆಸ್ ಸ್ಟೀಲ್ ಹಾಕಲೇಬಾರದು, ಅದರ ಕ್ರೋಮಿಯಂ ನೀರಿಗಿಳಿದು ವಿಷವಾಗುತ್ತದೆ. ಗುಳ್ಳೆಯಾಗಿ ಬರುವುದು ಜಲಜನಕ, ಹಾಗಾಗಿ ಗಾಳಿಯಾಡುವ ಜಾಗ, ಹತ್ತಿರ ಕಿಡಿ ಬೇಡ.

ಮುರಿದಕಾವು:
ಗೆರೆ ಕಂಡಿತು, ಬಾಯಿಯಿಂದ ಸುಮಾರು 22 ಮಿ.ಮೀ. ಹಿಂದೆ. ಸೀಮೆಎಣ್ಣೆ ಪರೀಕ್ಷೆಯಲ್ಲಿ ಬಿರುಕಿಲ್ಲ. ಈಗ ಹಲ್ಲು ತೆಗೆಯಲು ಗ್ರೈಂಡರ್ ಹಿಡಿಯಬಹುದೇ?

ಕುಲುಮೆ:
22 ಮಿ.ಮೀ. ಅಂದರೆ ಧಾರಾಳ. ಗ್ರೈಂಡರ್ ಬೇಡ ಎನ್ನುತ್ತೇನೆ. ತೆಳ್ಳಗಿನ ಅಂಚಿನಲ್ಲಿ ಶಾಖ ಹೋಗಲು ಜಾಗವಿಲ್ಲ, ಎರಡು ಮೂರು ಸೆಕೆಂಡಿನಲ್ಲಿ ಬಣ್ಣ ತಿರುಗುತ್ತದೆ. ಉಜ್ಜಿದ ಉಕ್ಕಿನ ಮೇಲೆ ತೆಳು ಹಳದಿ ಕಂಡರೆ ಸುಮಾರು 220 ಡಿಗ್ರಿ, ಕಂದು ಅಂದರೆ 260ರ ಹತ್ತಿರ, ನೀಲಿ ಅಂದರೆ 300. ಹಳದಿಗೆ ನಿಲ್ಲಿಸಿದರೆ ಬಚಾವ್. ನೀಲಿ ಕಂಡ ಭಾಗದ ಹದ ಇಳಿದಿರುತ್ತದೆ. ನೀಲಿಯನ್ನು ಉಜ್ಜಿ ಹೊಳಪು ಮಾಡಿದರೆ ಬಣ್ಣ ಹೋಗುತ್ತದೆ, ಹದ ವಾಪಸು ಬರುವುದಿಲ್ಲ. ಆ ಭಾಗವನ್ನೇ ಉಜ್ಜಿ ಕಳೆಯಬೇಕು. ಗ್ರೈಂಡರೇ ಗತಿ ಎಂದಾದರೆ ಬರಿಗೈಯಲ್ಲಿ ತಲೆಯನ್ನು ಬಾಯಿಯ ಹತ್ತಿರ ಹಿಡಿಯಿರಿ, ಬೆರಳಿಗೆ ಬಿಸಿ ತಾಗುವ ಮೊದಲೇ ನೀರಿಗೆ ಅದ್ದಿ. ಕಲ್ಲನ್ನು ಒಂದೇ ಕಡೆ ನಿಲ್ಲಿಸಬೇಡಿ.

ಸಾಣೆಕಲ್ಲು:
ಅರದಲ್ಲಿ ಇದು ಒಂದು ಗಂಟೆಯ ಕೆಲಸ. 10 ಅಥವಾ 12 ಇಂಚಿನ, ಒಂದೇ ದಿಕ್ಕಿನ ಹಲ್ಲಿರುವ ಚಪ್ಪಟೆ ಅರ ತನ್ನಿ. ಹಿಡಿ ಹಾಕದ ಅರವನ್ನು ಹಿಡಿಯಬೇಡಿ, ಬಾಲ ಅಂಗೈಗೆ ಚುಚ್ಚುತ್ತದೆ. ದಪ್ಪ ಚರ್ಮದ ಕೈಗವಸು ಹಾಕಿಕೊಳ್ಳಿ. ಮುಂದೆ ತಳ್ಳುವಾಗ ಮಾತ್ರ ಒತ್ತಿ, ಹಿಂದೆ ತರುವಾಗ ಎತ್ತಿ. ಎಳೆಯುವಾಗಲೂ ಒತ್ತಿದರೆ ಅರದ ಹಲ್ಲು ಮುರಿಯುತ್ತದೆ. ಅರಕ್ಕೆ ಸೀಮೆಸುಣ್ಣ ತಿಕ್ಕಿಕೊಂಡರೆ ಉಕ್ಕಿನ ಪುಡಿ ಹಲ್ಲಿನ ಸಂದಿಯಲ್ಲಿ ಕಚ್ಚಿಕೊಳ್ಳುವುದಿಲ್ಲ.

ಎರಡು ಹಂತ. ಮೊದಲು ಬಾಯಿಯ ಆಕಾರ. ರಟ್ಟಿನಲ್ಲಿ ಮೆಲ್ಲನೆಯ ಕಮಾನು ಕತ್ತರಿಸಿಕೊಂಡು, ತಲೆಯ ಮೇಲಿಟ್ಟು ಮಾರ್ಕರಿನಲ್ಲಿ ಗೆರೆ ಎಳೆದು, ಅಲ್ಲಿಯವರೆಗೆ ಬಾಯನ್ನು ನೇರವಾಗಿ, ಮೊಂಡಾಗಿಸಿಯೇ ಉಜ್ಜಿ. ದೊಡ್ಡ ಹಲ್ಲಿನ ತಳ ಮುಟ್ಟಬೇಕೆಂದಿಲ್ಲ, ಒಂದು ಮಿ.ಮೀ. ಉಳಿದರೂ ಕೆಲಸ ನಡೆಯುತ್ತದೆ, ಮುಂದಿನ ಸಾಣೆಗಳಲ್ಲಿ ತಾನೇ ಹೋಗುತ್ತದೆ. ಆಮೇಲೆ ಕೆನ್ನೆಗಳು, ಅಂದರೆ ತಲೆಯ ಎರಡು ಪಕ್ಕಗಳು. ಇಲ್ಲೇ ಎಲ್ಲರೂ ತಪ್ಪುವುದು. ಬಾಯಿ ಹಿಂದೆ ಸರಿದಂತೆ ಅದು ದಪ್ಪ ಭಾಗಕ್ಕೆ ಬಂದಿರುತ್ತದೆ. ಅಂಚನ್ನಷ್ಟೇ ಹರಿತ ಮಾಡಿದರೆ ಕೂದಲು ಬೋಳಿಸಬಹುದು, ಮರಕ್ಕೆ ಹೊಡೆದರೆ ಪುಟಿಯುತ್ತದೆ. ಬಾಯಿಯಿಂದ 60ರಿಂದ 75 ಮಿ.ಮೀ. ಹಿಂದಿನವರೆಗೂ ಬೀಸಣಿಗೆಯ ಆಕಾರದಲ್ಲಿ ಕೆನ್ನೆಯನ್ನು ತೆಳುಮಾಡಿಕೊಂಡು ಬರಬೇಕು. ನಡುಭಾಗದಲ್ಲಿ ಹೆಚ್ಚು ತೆಗೆಯಿರಿ, ಎರಡು ಮೂಲೆಗಳಲ್ಲಿ ಕಡಿಮೆ. ಮೂಲೆ ತೆಳುವಾದರೆ ಮುರಿಯುವುದು ಅದೇ ಮೊದಲು.

ಕೋನಕ್ಕೆ ಅಳತೆ ಬೇಕಾದರೆ ರಟ್ಟಿನಲ್ಲಿ ಒಂದು ಬಿಂದುವಿನಿಂದ 20 ಮಿ.ಮೀ. ಉದ್ದದ ಎರಡು ಗೆರೆ ಎಳೆಯಿರಿ. ಗೆರೆಗಳ ತುದಿಗಳ ನಡುವೆ 8.7 ಮಿ.ಮೀ. ಇದ್ದರೆ 25 ಡಿಗ್ರಿ, 10.4 ಇದ್ದರೆ 30. ಅದನ್ನು ಕತ್ತರಿಸಿ ತೆಗೆದರೆ ಅಂಚಿಗೆ ಕೂರಿಸಿ ನೋಡುವ ಅಚ್ಚು ಸಿಕ್ಕಿತು. ಕಡಿಯುವ ಕೊಡಲಿಗೆ ಎರಡೂ ಬದಿ ಸೇರಿ 25, ಗಂಟು ಮರಕ್ಕೆ ಮತ್ತು ಸೌದೆ ಸೀಳಲು 30. ಕೊನೆಗೆ ಸಾಣೆಕಲ್ಲು (ಅಂಕೆ ಹೆಚ್ಚಿದಷ್ಟೂ ನುಣುಪು): 150ರದ್ದು, ನಂತರ 400, ಬೇಕಿದ್ದರೆ 1000, ಎಣ್ಣೆ ಅಥವಾ ನೀರು ಹಾಕಿ ಸಣ್ಣ ಸುತ್ತುಗಳಲ್ಲಿ. ಒಂದು ಬದಿ ಉಜ್ಜಿದಾಗ ಇನ್ನೊಂದು ಬದಿಯಲ್ಲಿ ಉಗುರಿಗೆ ಸಿಕ್ಕುವ ಸಣ್ಣ ಬರ್ (ಮಡಿಸಿಕೊಂಡ ಉಕ್ಕಿನ ತೆಳು ಅಂಚು) ಬಾಯಿಯುದ್ದಕ್ಕೂ ಬರಬೇಕು, ಆಗಲೇ ಬದಿ ಬದಲಿಸುವುದು. ಕಡೆಗೆ ಬಾಯನ್ನು ಬೆಳಕಿಗೆ ಎದುರು ಹಿಡಿದು ನೋಡಿ: ಎಲ್ಲಿ ಬಿಳಿ ಗೆರೆ ಹೊಳೆಯುತ್ತದೋ ಅಲ್ಲಿ ಇನ್ನೂ ಮೊಂಡು. ಹರಿತವಾದ ಅಂಚು ಹೊಳೆಯುವುದಿಲ್ಲ.

ಹಳೆಯ ಬಣ್ಣ ಬಳಿದಿರುವ ತಲೆಯಾದರೆ ಒಣ ಉಜ್ಜುವುದು ಬೇಡ, ಹಳೆಯ ಬಣ್ಣದಲ್ಲಿ ಸೀಸ ಇರಬಹುದು.

ಚೇಗು:
ಮರದ ಪ್ರಶ್ನೆಗೆ ಬರೋಣ. ಕಾವಿಗೆ ಬೇಕಾದದ್ದು ಗಡಸುತನವಲ್ಲ, ಏಟು ತಡೆಯುವ ನಾರು. ತೇಗ ಬಾಗಿಲಿಗೆ ಎಷ್ಟು ಒಳ್ಳೆಯದೋ ಕಾವಿಗೆ ಅಷ್ಟು ನಿರುಪಯೋಗಿ. ಅಷ್ಟಾಗಿ ಕುಗ್ಗುವುದಿಲ್ಲ, ಆದರೆ ಏಟಿಗೆ ತಟಕ್ಕನೆ ಮುರಿಯುತ್ತದೆ. ಹಿಕರಿ, ಆಶ್ ಲೋಕವೆಲ್ಲ ಬಲ್ಲ ಕಾವಿನ ಮರಗಳು. ತಡಸಲು, ದಿಂಡಿಗ, ಕರಿಜಾಲಿ ಇವೂ ಅದೇ ಗುಣದವು. ಅವುಗಳಲ್ಲಿ ನನ್ನ ಮೊದಲ ಆಯ್ಕೆ ತಡಸಲು, ಬಾಗಿ ಮತ್ತೆ ನೆಟ್ಟಗಾಗುವ ಗುಣ ಅದಕ್ಕೆ ಚೆನ್ನಾಗಿದೆ. ಕರಿಜಾಲಿ ಗಟ್ಟಿ, ಆದರೆ ನೆಟ್ಟನೆಯ ಗಂಟಿಲ್ಲದ ಮೂರಡಿ ತುಂಡು ಸಿಗುವುದು ಕಷ್ಟ.

ಯಾವ ಮರ ಎನ್ನುವುದಕ್ಕಿಂತ ಎಳೆ ಹೇಗೆ ಓಡಿದೆ ಎನ್ನುವುದು ದೊಡ್ಡದು. ಎಳೆ ಕಾವಿನ ಒಂದು ತುದಿಯಿಂದ ಇನ್ನೊಂದು ತುದಿವರೆಗೆ ಓಡಬೇಕು. ನಡುವೆ ಓರೆಯಾಗಿ ಬದಿಗೆ ಹೊರಬಿದ್ದರೆ ಆ ಜಾಗದಲ್ಲೇ ಉದ್ದ ಸಿಬಿರೆದ್ದು ಮುರಿಯುತ್ತದೆ, ಆ ಸಿಬಿರು ಕೈಗೆ ಹೊಕ್ಕುತ್ತದೆ. ಅದಕ್ಕೇ ಹಲಗೆಯಿಂದ ಗರಗಸದಲ್ಲಿ ಕೊಯ್ಯುವುದಕ್ಕಿಂತ ದಿಮ್ಮಿಯನ್ನು ಬೆಣೆ ಹಾಕಿ ಸೀಳಿ ತೆಗೆದ ತುಂಡು ಮೇಲು: ಸೀಳು ಎಳೆಯನ್ನೇ ಹಿಡಿದು ಹೋಗುತ್ತದೆ, ಗರಗಸ ಎಳೆಯನ್ನು ಕೇಳುವುದಿಲ್ಲ. ಸೀಳಿದಾಗ ತುಂಡು ತಿರುಚಿಕೊಂಡು ಬಂದರೆ ಅದು ಸೌದೆಗೆ. ತುದಿಯಲ್ಲಿ ಉಂಗುರಗಳು ಕಾಣುವ ಮರವಾದರೆ ಅವು ಕಣ್ಣಿನ ಉದ್ದಕ್ಕೆ, ಅಂದರೆ ಬಾಯಿಯಿಂದ ಹಿಂಬದಿಗೆ ಹೋಗುವ ದಿಕ್ಕಿಗೆ ಇರಲಿ. ಉಂಗುರ ಸ್ಪಷ್ಟವಿಲ್ಲದ ಮರಗಳಲ್ಲಿ ಇದಕ್ಕೆ ತಲೆಕೆಡಿಸಿಕೊಳ್ಳಬೇಡಿ, ಎಳೆ ಹೊರಬೀಳದಿರುವುದನ್ನು ಮಾತ್ರ ನೋಡಿ.

ಈಗ ಒಣಗುವುದು, ನಿಮ್ಮ ಎರಡು ತಿಂಗಳ ಲೆಕ್ಕಕ್ಕೆ ಉತ್ತರ ಇಲ್ಲೇ ಇದೆ. ಹಸಿ ಮರ ಪೂರ್ತಿ ಒಣಗುವಾಗ ಉದ್ದಕ್ಕೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ಅಡ್ಡಕ್ಕೆ 5ರಿಂದ 10 ಶೇಕಡಾ ಕುಗ್ಗುತ್ತದೆ. ಕಣ್ಣಿನೊಳಗಿನ ಮರ 20 ಮಿ.ಮೀ. ದಪ್ಪ ಎಂದುಕೊಳ್ಳಿ, ಒಂದರಿಂದ ಎರಡು ಮಿ.ಮೀ. ಸಂದು ಬಿತ್ತು. ಯಾವ ಬೆಣೆಯೂ ಅದನ್ನು ತುಂಬಿಕೊಡುವುದಿಲ್ಲ. ಸೀಳಿದ ತುಂಡನ್ನು ಕೊನೆಯ ಅಳತೆಗಿಂತ ಒಂದು ಸೆಂ.ಮೀ. ದಪ್ಪವಾಗಿಯೇ ಬಿಟ್ಟು, ಎರಡೂ ತುದಿಗೆ ಮೇಣ ಅಥವಾ ಬಣ್ಣ ಬಳಿದು ನೆರಳಲ್ಲಿ ಒಣಗಿಸಿ. ತುದಿ ಮುಚ್ಚದಿದ್ದರೆ ಅಲ್ಲಿಂದಲೇ ಬೇಗ ಒಣಗಿ ಬಿರುಕು ಬಿಡುತ್ತದೆ. ಇಂಚು ದಪ್ಪಕ್ಕೆ ಒಂದು ವರ್ಷ ಎಂಬುದು ಸ್ಥೂಲ ಲೆಕ್ಕ. ನಂಬಬೇಕಾದದ್ದು ತಕ್ಕಡಿಯನ್ನು: ಎರಡು ವಾರಕ್ಕೊಮ್ಮೆ ತೂಗಿ ಬರೆದಿಡಿ, ಮೂರು ಸಲ ತೂಕ ಇಳಿಯದಿದ್ದರೆ ಒಣಗಿದೆ.

ಮುರಿದಕಾವು:
ಹಾಗಾದರೆ ನೀರಲ್ಲಿ ನೆನೆಸುವುದರಿಂದ ಆಗುವುದೇನು?

ಚೇಗು:
ಮರ ಉಬ್ಬುತ್ತದೆ, ಆದರೆ ಸುತ್ತ ಉಕ್ಕಿನ ಗೋಡೆ ಇದೆ, ಹೊರಕ್ಕೆ ಹೋಗಲು ಜಾಗವಿಲ್ಲ. ಹಾಗಾಗಿ ಗೋಡೆಗೆ ತಾಗಿದ ನಾರು ತನ್ನ ಮೇಲೇ ಜಜ್ಜಿಹೋಗುತ್ತದೆ. ನೀರು ಆರಿದ ಮೇಲೆ ಜಜ್ಜಿದ ನಾರು ಮೊದಲಿನ ಗಾತ್ರಕ್ಕೆ ಬರುವುದಿಲ್ಲ, ಅದಕ್ಕಿಂತ ಸಣ್ಣಗಾಗುತ್ತದೆ. ಪ್ರತಿ ಸಲ ನೆನೆಸಿದಾಗಲೂ ಸಂದು ದೊಡ್ಡದಾಗುವುದು ಇದಕ್ಕೇ. ಕಣ್ಣಿನೊಳಗೆ ಕೂತ ನೀರು ಉಕ್ಕಿಗೆ ತುಕ್ಕು, ಮರಕ್ಕೆ ಕೊಳೆ ತರುವುದು ಬೇರೆ.

ಕೊಡತಿಬೆಣೆ:
ಇಲ್ಲಿವರೆಗಿನ ಮಾತೆಲ್ಲ ಸರಿ. ಇದಕ್ಕೆ ಒಂದನ್ನು ಒತ್ತಿ ಹೇಳಬೇಕು: ತಲೆಯನ್ನು ಹಿಡಿದಿಡುವುದು ಬೆಣೆಯಲ್ಲ, ಕಾವು ಕಣ್ಣಿಗೆ ಕೂತಿರುವ ರೀತಿ. ಬೆಣೆ ಮರವನ್ನು ಎರಡು ಪಕ್ಕಕ್ಕೆ, ಕೆನ್ನೆಗಳ ಕಡೆಗೆ ಮಾತ್ರ ಅಗಲಿಸುತ್ತದೆ. ಮುಂದೆ ಬಾಯಿಯ ಕಡೆ, ಹಿಂದೆ ಹಿಂಬದಿಯ ಕಡೆ ಬಿಟ್ಟ ಸಂದನ್ನು ಮುಚ್ಚುವ ಶಕ್ತಿ ಅದಕ್ಕಿಲ್ಲ. ಆ ಎರಡು ಕಡೆ ಕೆತ್ತನೆಯಲ್ಲೇ ಬಿಗಿ ಬರಬೇಕು. ನಿಮ್ಮ ಹಳೆಯ ಕಾವಿನ ಎರಡು ಕಬ್ಬಿಣದ ಬೆಣೆ, ಮೂರು ಮೊಳೆ ಹೇಳುವುದು ಇದನ್ನೇ: ಕೂರಿಸಿದವರು ಕೆತ್ತನೆಯಲ್ಲಿ ಬಿಟ್ಟದ್ದನ್ನು ಕಬ್ಬಿಣದಲ್ಲಿ ತುಂಬಲು ನೋಡಿದ್ದಾರೆ.

ಮೊದಲು ಕಣ್ಣಿನೊಳಗಿನ ತುಕ್ಕು, ಏಣು ಎಲ್ಲವನ್ನೂ ಅರ್ಧದುಂಡಿನ ಅರದಿಂದ ತೆಗೆಯಿರಿ. ಕಣ್ಣಿನ ಕೆಳಬಾಯಿಯ ಅಂಚನ್ನು ಸ್ವಲ್ಪ ಮೊಂಡು ಮಾಡಿ. ಚೂಪಾಗಿದ್ದರೆ ಪ್ರತಿ ಏಟಿಗೂ ಕಾವಿನ ಕುತ್ತಿಗೆಯನ್ನು ಕೊಯ್ಯುತ್ತದೆ. ಕಣ್ಣಿನ ಉದ್ದ, ಅಗಲ, ಮೇಲೆ ಮತ್ತು ಕೆಳಗೆ ಎರಡೂ ಕಡೆ ಅಳೆಯಿರಿ. ಕಾವಿನ ತುದಿಯಲ್ಲಿ ನಡುಗೆರೆ ಎಳೆದು, ಕೆಳಗಿನ ಅಳತೆಗಿಂತ 1 ಮಿ.ಮೀ. ದಪ್ಪವಾಗಿ ನಾಲಿಗೆಯನ್ನು, ಅಂದರೆ ಕಣ್ಣಿನೊಳಗೆ ಕೂರುವ ಭಾಗವನ್ನು, ಕೆತ್ತಿ. ತುದಿಗೆ ಹೋದಂತೆ ತುಸು ಸಣ್ಣಗಾಗಲಿ. ನಾಲಿಗೆಯ ಉದ್ದ ಕಣ್ಣಿನ ಆಳಕ್ಕಿಂತ 12 ಮಿ.ಮೀ. ಜಾಸ್ತಿ ಇರಲಿ. ಕಾವಿನ ಮೈಯಿಂದ ನಾಲಿಗೆಗೆ ಇಳಿಯುವ ಕಡೆ ಮೆಟ್ಟಿಲು ಮಾಡಬೇಡಿ, ಇಳಿಜಾರಾಗಿ ಬರಲಿ. ಮೆಟ್ಟಿಲಿನ ಮೂಲೆಯಲ್ಲಿ ಒತ್ತಡ ಸೇರಿಕೊಂಡು ಮುರಿತ ಅಲ್ಲಿಂದಲೇ ಶುರುವಾಗುತ್ತದೆ. ನಿಮ್ಮದು ಬುಡದಲ್ಲೇ ಮುರಿದಿದ್ದಕ್ಕೆ ಇದೂ ಕಾರಣವಿರಬಹುದು.

ಗರಗಸದ ಸೀಳನ್ನು ಈಗಲೇ ಹಾಕಿ. ನಾಲಿಗೆಯ ನಡುವೆ, ಕಣ್ಣಿನ ಉದ್ದಕ್ಕೆ, ಕಣ್ಣಿನ ಆಳದ ಮೂರರಲ್ಲಿ ಎರಡು ಪಾಲು. 55 ಮಿ.ಮೀ. ಆಳದ ಕಣ್ಣಾದರೆ, ಕೂತ ಮೇಲೆ ಸೀಳಿನ ತಳ ಕಣ್ಣಿನ ಮೇಲ್ಬಾಯಿಯಿಂದ 37 ಮಿ.ಮೀ. ಕೆಳಗಿರಬೇಕು. ಕಣ್ಣಿನಿಂದ ಕೆಳಗೆ ಇಳಿದರೆ ಕಾವು ಅಲ್ಲಿಂದ ಸೀಳಿಕೊಳ್ಳುತ್ತದೆ, ತೀರ ಕಡಿಮೆಯಾದರೆ ಮೇಲ್ಭಾಗ ಮಾತ್ರ ಅರಳುತ್ತದೆ.

ಕೂರಿಸುವಾಗ ಕೊಡಲಿಯ ತಲೆಗೆ ಹೊಡೆಯುವುದಲ್ಲ. ಕಣ್ಣಿನ ಒಳಗೆ ಪೆನ್ಸಿಲ್ ಸೀಸ ಅಥವಾ ದೀಪದ ಮಸಿ ಬಳಿದು, ತಲೆಯನ್ನು ಕೈಯಲ್ಲಿ ಸಿಕ್ಕಿಸಿ, ಕಾವನ್ನು ತಲೆ ಕೆಳಗೆ ಮಾಡಿ ಗಾಳಿಯಲ್ಲಿ ನೆಟ್ಟಗೆ ಹಿಡಿದು, ಕಾವಿನ ಬುಡಕ್ಕೆ ಕೊಡತಿಯಿಂದ ಹೊಡೆಯಿರಿ. ತಲೆ ತನ್ನ ಭಾರಕ್ಕೆ ನಿಂತಲ್ಲೇ ನಿಲ್ಲುತ್ತದೆ, ಕಾವು ಅದರೊಳಕ್ಕೆ ಇಳಿಯುತ್ತದೆ. ನಾಲ್ಕೈದು ಏಟಾದ ಮೇಲೆ ತಲೆ ಕಳಚಿ ನೋಡಿ: ಕಪ್ಪು ಹತ್ತಿದ ಕಡೆ ಮಾತ್ರ ಒರಟು ಅರದಲ್ಲಿ ಸ್ವಲ್ಪ ಹೆರೆಯಿರಿ. ಕಪ್ಪಿಲ್ಲದ ಜಾಗ ಮುಟ್ಟಬೇಡಿ. ಮತ್ತೆ ಕೂರಿಸಿ, ಮತ್ತೆ ಕಳಚಿ. ಹತ್ತು ಹನ್ನೆರಡು ಸಲ ಆಗುತ್ತದೆ. ಈ ಸಹನೆಯೇ ಇಡೀ ಕೆಲಸ. ಮೂರನೆಯ ಸಲಕ್ಕೇ ತಲೆ ಸರಾಗವಾಗಿ ಇಳಿದರೆ ನೀವು ಹೆಚ್ಚು ಹೆರೆದಿದ್ದೀರಿ.

ಪ್ರತಿ ಸಲ ಕೂರಿಸಿದಾಗಲೂ ಸೊಟ್ಟ ನೋಡಿ. ಕಾವಿನ ಬುಡದಿಂದ ಒಂದು ಕಣ್ಣು ಮುಚ್ಚಿ ನೋಡಿದರೆ ಬಾಯಿ ಕಾವಿನ ನಡುಗೆರೆಗೆ ಸರಿಯಾಗಿ ಕಾಣಬೇಕು. ಓರೆಯಿದ್ದರೆ ಎದುರುಬದುರಾದ ಮೂಲೆಗಳಲ್ಲಿ ಹೆರೆದು ಈಗಲೇ ತಿದ್ದಿ, ಬೆಣೆ ಹೊಡೆದ ಮೇಲೆ ತಿದ್ದಲಾಗದು. ನೆಟ್ಟನೆಯ ಕಾವಾದರೆ ಮೇಜಿನ ಮೇಲೆ ಬಾಯಿ ಮತ್ತು ಕಾವಿನ ಬುಡ ಎರಡೂ ತಾಗುವಂತೆ ಇಟ್ಟು ನೋಡಿ. ಮೇಜಿಗೆ ತಾಗುವ ಬಿಂದು ಬಾಯಿಯ ನಡುವಿನ ಹತ್ತಿರ, ತುಸು ಕಾವಿನ ಬದಿಗೆ ಇದ್ದರೆ ಏಟು ಸರಿಯಾಗಿ ಬೀಳುತ್ತದೆ.

ಬೆಣೆ ಒಣಗಿದ ಮರದ್ದು, ಅಗಲ ಕಣ್ಣಿನ ಉದ್ದದಷ್ಟು, ತುದಿ 1.5 ಮಿ.ಮೀ., 50 ಮಿ.ಮೀ. ಉದ್ದಕ್ಕೆ ಮೇಲ್ಭಾಗ 7ರಿಂದ 8 ಮಿ.ಮೀ. ಇದಕ್ಕಿಂತ ಗಿಡ್ಡವಾಗಿ ದಪ್ಪವಾಗಿದ್ದರೆ ಏಟಿಗೆ ಪುಟಿದು ವಾಪಸು ಬರುತ್ತದೆ. ಕೊಡತಿಯಿಂದ ನಿಧಾನವಾಗಿ ಹೊಡೆಯುತ್ತ ಹೋಗಿ, ಟೊಳ್ಳು ಸದ್ದು ಗಟ್ಟಿಯಾಗಿ ಬದಲಾಗಿ ಬೆಣೆ ಇಳಿಯದಾದಾಗ ನಿಲ್ಲಿಸಿ. ಅಲ್ಲಿಗೆ ನಿಲ್ಲದೆ ಹೊಡೆದರೆ ಬೆಣೆ ಮುರಿಯುತ್ತದೆ. ಉಳಿದದ್ದನ್ನು ಕಣ್ಣಿನ ಮಟ್ಟಕ್ಕೆ ಸರಿಯಾಗಿ ಕತ್ತರಿಸಬೇಡಿ, 3ರಿಂದ 5 ಮಿ.ಮೀ. ಮೇಲಕ್ಕೆ ಬಿಡಿ. ಕಣ್ಣಿನಿಂದ ಹೊರಗೆ ಅರಳಿದ ಆ ತುದಿ ತಲೆ ಮೇಲಕ್ಕೆ ಜಾರದಂತೆ ತಡೆಯುತ್ತದೆ.

ತೋಪಡ:
ಕಬ್ಬಿಣದ ಬೆಣೆಯನ್ನು ಪೂರ್ತಿ ತಳ್ಳಿಹಾಕುವುದು ಸರಿಯಲ್ಲ. ಮರದ ಬೆಣೆಗೆ ಓರೆಯಾಗಿ ಒಂದು ಸಣ್ಣ ಕಬ್ಬಿಣದ ಬೆಣೆ ಹೊಡೆದರೆ ಮರ ನಾಲ್ಕು ದಿಕ್ಕಿಗೂ ಅರಳುತ್ತದೆ. ಕಾರ್ಖಾನೆಯಲ್ಲೂ ಹಾಗೇ ಮಾಡುತ್ತಾರೆ. ಬೆಣೆಗೆ ಅಂಟು ಹಾಕಿದರೆ ಇನ್ನೂ ಭದ್ರ.

ಕೊಡತಿಬೆಣೆ:
ಓರೆ ಬೆಣೆ ನಾಲ್ಕು ದಿಕ್ಕಿಗೆ ಅರಳಿಸುತ್ತದೆ ಎಂಬುದನ್ನು ಒಪ್ಪುತ್ತೇನೆ, ಕಾರ್ಖಾನೆಯಲ್ಲಿ ಒಂದೊಂದು ಕಾವನ್ನೂ ಹೆರೆದು ಕೂರಿಸುವ ಸಮಯವಿಲ್ಲದ್ದರಿಂದ ಅದು ಬೇಕಾಗುತ್ತದೆ. ಆದರೆ ಕಬ್ಬಿಣ ಮರದ ಜೊತೆ ಹಿಗ್ಗಿ ಕುಗ್ಗುವುದಿಲ್ಲ. ಮಳೆಗಾಲದಲ್ಲಿ ಮರ ಉಬ್ಬಿ ಅದರ ಸುತ್ತ ಜಜ್ಜಿಕೊಳ್ಳುತ್ತದೆ, ಬೇಸಿಗೆಯಲ್ಲಿ ಸಂದು ಬಿಡುತ್ತದೆ. ಹೊಡೆದ ಕಡೆಯೆಲ್ಲ ನಾರನ್ನು ಕತ್ತರಿಸುತ್ತದೆ, ಮುಂದಿನ ಸಲ ಕಾವು ತೆಗೆಯುವಾಗ ಬೈರಿಗೆಯ ಬಾಯಿ ಹಾಳುಮಾಡುತ್ತದೆ. ಚೆನ್ನಾಗಿ ಕೂತ ಕಾವು ಮುಂದೆ ಎಂದಾದರೂ ಸ್ವಲ್ಪ ಸಡಿಲವಾದರೆ ಆಗ ಒಂದನ್ನು ಹೊಡೆಯಲು ಅವಕಾಶ ಉಳಿಸಿಕೊಳ್ಳಿ. ಮೊದಲ ದಿನವೇ ಬೇಡ. ಅಂಟಿನ ವಿಷಯದಲ್ಲಿ, ಒದ್ದೆ ಅಂಟು ಬೆಣೆಯನ್ನು ಸಲೀಸಾಗಿ ಇಳಿಸುತ್ತದೆ, ಬಿಗಿಯಾಯಿತೆಂಬ ಭ್ರಮೆ ಬರುತ್ತದೆ. ಒಣ ಮರಕ್ಕೆ ಒಣ ಮರದ ಉಜ್ಜಾಟವೇ ಸಾಕು.

ಕುಲುಮೆ:
ಬೆಣೆಯ ಮರದ ಬಗ್ಗೆ ಒಂದು ಮಾತು: ಕಾವಿಗಿಂತ ತುಸು ಮೆತ್ತನೆಯದಾಗಿರಲಿ. ಒತ್ತಡಕ್ಕೆ ತಾನು ಜಜ್ಜಿಕೊಂಡು ಸೀಳಿನ ಒರಟಿಗೆ ಕಚ್ಚಿಕೊಳ್ಳುತ್ತದೆ. ತೀರ ಗಡುಸು, ನುಣುಪು ಬೆಣೆ ಜಾರುತ್ತದೆ.

ಗುದ್ದಲಿಕಣ್ಣು:
ನನ್ನ ಬಳಿ ಇರುವ ಕೊಡಲಿಯ ಕಣ್ಣು ಹೆಚ್ಚುಕಡಿಮೆ ದುಂಡಗಿದೆ, ಮೇಲೆ 42 ಮಿ.ಮೀ., ಕೆಳಗೆ 38. ಇದಕ್ಕೂ ಬೆಣೆಯೇ?

ಕೊಡತಿಬೆಣೆ:
ಬೇಡ. ಅದು ಪಿಕಾಸಿಯ ಹಾಗೆ ಮೇಲಿನಿಂದ ಕಾವು ತೂರಿಸುವ ಬಗೆ. ಕಾವಿನ ಮೇಲ್ತುದಿ ದಪ್ಪ, ಉಳಿದ ಮೈಯೆಲ್ಲ 38ಕ್ಕಿಂತ ಸಣ್ಣ. ಬುಡವನ್ನು ಕಣ್ಣಿನ ಮೇಲಿನಿಂದ ಇಳಿಬಿಟ್ಟು ತಲೆಯನ್ನು ಮೇಲಕ್ಕೆ ಎಳೆದುಕೊಳ್ಳುವುದು. ಬೀಸಿದಷ್ಟೂ ತಲೆ ಹೊರಕ್ಕೆ ಎಳೆದು ದಪ್ಪ ತುದಿಗೆ ಬಿಗಿಯಾಗುತ್ತದೆ. ಮಸಿ ಹಚ್ಚಿ ಹೆರೆಯುವ ಕೆಲಸ ಇಲ್ಲೂ ಅದೇ, ಕಪ್ಪು ಸುತ್ತಲೂ ಸಮನಾಗಿ ಹತ್ತಬೇಕು. ತುದಿ ಕಣ್ಣಿನಿಂದ ಹತ್ತು ಮಿ.ಮೀ. ಮೇಲೆ ಉಳಿಯಲಿ, ಸವೆದಂತೆ ತಲೆ ಮೇಲೇರಲು ಜಾಗ ಬೇಕು. ಕಣ್ಣು ದುಂಡಗಿದ್ದರೆ ತಲೆ ಸುತ್ತ ತಿರುಗುವ ಚಾಳಿ ಇರುತ್ತದೆ. ಇರುವ ಅಲ್ಪಸ್ವಲ್ಪ ಅಂಡಾಕಾರವನ್ನು ಹೆರೆದು ಕಳೆದುಕೊಳ್ಳಬೇಡಿ. ಈ ಬಗೆಯ ಕೊಡಲಿಯನ್ನು ಎತ್ತುವ ಮೊದಲು ಬುಡವನ್ನು ನೆಲಕ್ಕೆ ಕುಕ್ಕಬಾರದು, ತಲೆ ಜಾರಿ ಕೈಮೇಲೆ ಬೀಳುತ್ತದೆ.

ಮುರಿದಕಾವು:
ಕಾವಿನ ಉದ್ದ, ದಪ್ಪ? ಮೇಲೆ ವಾರ್ನಿಷ್ ಹಚ್ಚಬಹುದೇ?

ಚೇಗು:
1.6 ಕೆ.ಜಿ. ತಲೆಗೆ 30ರಿಂದ 36 ಇಂಚು. ಹಿಡಿಯುವ ಕಡೆ ಅಂಡಾಕಾರ, ಸುಮಾರು 36 ಮಿ.ಮೀ. ಅಗಲ, 23ರಿಂದ 25 ದಪ್ಪ. ದುಂಡಗೆ ಮಾಡಬೇಡಿ, ಬಾಯಿ ಯಾವ ಕಡೆಗಿದೆ ಎಂದು ಕೈಗೆ ತಿಳಿಯುವುದು ಅಂಡಾಕಾರದಿಂದ. ಗಟ್ಟಿಯಾಗಲಿ ಎಂದು ದಪ್ಪ ಬಿಡುವವರು ಹೆಚ್ಚು, ದಪ್ಪ ಕಾವು ಬಾಗುವುದಿಲ್ಲ, ಏಟಿನ ಅದುರಾಟವೆಲ್ಲ ಮೊಣಕೈಗೆ ಬರುತ್ತದೆ. ಬುಡದಲ್ಲಿ ಸ್ವಲ್ಪ ಉಬ್ಬು ಬಿಟ್ಟರೆ ಕೈಯಿಂದ ಜಾರುವುದಿಲ್ಲ.

ವಾರ್ನಿಷ್ ಬೇಡ. ಬೆವರಿಗೆ ಜಾರುತ್ತದೆ, ಬೊಬ್ಬೆ ಎಬ್ಬಿಸುತ್ತದೆ, ಒಂದು ಕಡೆ ಸಿಪ್ಪೆ ಎದ್ದರೆ ಒಳಗೆ ನೀರು ಕೂರುತ್ತದೆ. ಮರಳು ಕಾಗದ 120ಕ್ಕೆ ನಿಲ್ಲಿಸಿ ಅಗಸೆ ಎಣ್ಣೆ ಹಚ್ಚಿ. ಹಸಿ ಎಣ್ಣೆ ಒಣಗಲು ವಾರಗಳೇ ಬೇಕು. ‘ಕುದಿಸಿದ’ ಎಂದು ಮಾರುವುದರಲ್ಲಿ ಬೇಗ ಒಣಗಿಸುವ ಲೋಹದ ಲವಣ ಇರುತ್ತದೆ, ಒಂದೆರಡು ದಿನ ಸಾಕು. ತೆಳುವಾಗಿ ಹಚ್ಚಿ, ಅರ್ಧ ಗಂಟೆ ಬಿಟ್ಟು ಹೆಚ್ಚಾದದ್ದನ್ನು ಒರೆಸಿ. ದಪ್ಪ ಹಚ್ಚಿದರೆ ಅಂಟಂಟಾಗಿಯೇ ಉಳಿಯುತ್ತದೆ. ನಾಲ್ಕು ಸಲ. ಕಣ್ಣಿನ ಮೇಲೆ ಕಾಣುವ ತುದಿಗೆ ಮಾತ್ರ ಅದು ಕುಡಿಯುವಷ್ಟು ಕೊಡಿ, ತೇವ ಒಳಹೋಗುವುದೂ ಹೊರಬರುವುದೂ ಹೆಚ್ಚಾಗಿ ಅಲ್ಲಿಂದಲೇ.

ಸಾಣೆಕಲ್ಲು:
ಒರೆಸಿದ ಬಟ್ಟೆಯನ್ನು ಉಂಡೆಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಒಣಗುವಾಗ ಶಾಖ ಬಿಡುತ್ತದೆ. ಉಂಡೆಯೊಳಗೆ ಆ ಶಾಖ ಸೇರಿ ಬಟ್ಟೆ ತಾನಾಗಿ ಹೊತ್ತಿಕೊಳ್ಳುತ್ತದೆ, ಕಿಡಿ ಬೇಕಿಲ್ಲ. ಬಯಲಲ್ಲಿ ಬಿಡಿಸಿ ಹರಡಿ ಒಣಗಿಸಿ, ಅಥವಾ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಿಡಿ.

ಮುರಿದಕಾವು:
ಕೊನೆಯದೊಂದು. ಒಣ ಕಾವು ಸಿಕ್ಕಿ ಮಸಿ ಹಚ್ಚಿ ಕೂರಿಸುತ್ತಿದ್ದೇನೆ. ಪಕ್ಕಗಳು ಸರಿ ಬಂದಿವೆ, ಹಿಂಬದಿಯ ಕಡೆ ಕಾಗದದಷ್ಟು ಸಂದು ಇದೆ. ಬೆಣೆ ಹೊಡೆಯಲೇ?

ಕೊಡತಿಬೆಣೆ:
ನಿಲ್ಲಿಸಿ. ಕಾಗದ ಎಷ್ಟು ಆಳಕ್ಕೆ ಇಳಿಯುತ್ತದೆ ನೋಡಿ. ಮೇಲ್ಬಾಯಿಯ ಹತ್ತಿರ ಮಾತ್ರವಾದರೆ ಪರವಾಗಿಲ್ಲ, ಹೊಡೆಯಿರಿ. ಕೆಳಬಾಯಿಯ ಕಡೆಯಿಂದಲೂ ಕಾಗದ ಒಳಹೋದರೆ ತಲೆ ಹಿಂದೆ ಮುಂದೆ ತೂಗುತ್ತದೆ. ನಾಲಿಗೆ ಮೇಲಿನಿಂದ ಕೆಳಕ್ಕೆ ದಪ್ಪವಾಗುತ್ತ ಬರುವುದರಿಂದ ತಲೆಯನ್ನು ಇನ್ನೂ 8ರಿಂದ 10 ಮಿ.ಮೀ. ಕೆಳಗೆ ಕೂರಿಸಿದರೆ ಆ ಸಂದು ಮುಚ್ಚುತ್ತದೆ. ಪಕ್ಕಗಳಲ್ಲಿ ಕಪ್ಪು ಹತ್ತಿದ ಕಡೆ ಹೆರೆಯಿರಿ, ಹಿಂಬದಿಯನ್ನು ಮುಟ್ಟಬೇಡಿ, ಮತ್ತೆ ಬುಡಕ್ಕೆ ಹೊಡೆದು ಇಳಿಸಿ. ತಲೆ ಕೆಳಗಿಳಿದಷ್ಟು ಸೀಳನ್ನೂ ಆಳ ಮಾಡಿಕೊಳ್ಳಿ, ಇಲ್ಲದಿದ್ದರೆ ಬೆಣೆ ತಳ ಮುಟ್ಟಿ ನಿಂತುಬಿಡುತ್ತದೆ. ಬೆಣೆ ಹೊಡೆದು ಎಣ್ಣೆ ಹಚ್ಚಿದ ಮೇಲೆ ತಲೆ ಮತ್ತು ಕಾವು ಸೇರುವಲ್ಲಿ ಪೆನ್ಸಿಲಿನಿಂದ ಒಂದು ಗೆರೆ ಎಳೆದಿಡಿ. ಮೊದಲ ನೂರು ಏಟಿನ ನಂತರ ಗೆರೆ ತಲೆಯಿಂದ ದೂರ ಸರಿದಿದ್ದರೆ ಕಾವು ಸರಿಯಾಗಿ ಕೂತಿಲ್ಲ, ಕಳಚಿ ಮತ್ತೆ ಹೆರೆಯಬೇಕು.